ಮುಳುಗುವುದು ಕಾಲು, ತಪ್ಪು ಇರುವುದು ಬೇರೆ ಕಡೆ: ಈಜು ಕಲಿಯುವವರಿಗೊಂದು ದೋಷ ನಿವಾರಣೆ ಕೈಪಿಡಿ

ನಾನು ಈಜು ಕಲಿತಿದ್ದು ದೊಡ್ಡವನಾದ ಮೇಲೆ. ಮೊದಲ ಎರಡು ತಿಂಗಳು ಕಾಲು ಬಡಿಯುವುದರಲ್ಲೇ ಕಳೆದವು. ಕಾಲು ಕೆಳಗೆ ಹೋಗುತ್ತಿತ್ತು. ಕಲಿಸುವವರು "ಇನ್ನೂ ಜೋರಾಗಿ ಹೊಡೀರಿ" ಅನ್ನುತ್ತಿದ್ದರು. ನಾನು ಹೊಡೆಯುತ್ತಿದ್ದೆ, ಅದು ಇನ್ನೂ ಕೆಳಗೆ ಹೋಗುತ್ತಿತ್ತು. ಆಮೇಲೆ ನೋಡಿದರೆ ಕಾಲಿನ ತಪ್ಪೇ ಇರಲಿಲ್ಲ. ನಾನು ಉಸಿರು ಬಿಗಿ ಹಿಡಿದು, ತಲೆ ಎತ್ತಿಕೊಂಡು ಈಜುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು ನನ್ನ ಕಥೆ.

ಅಲ್ಲಿಂದ ಒಂದು ಅಭ್ಯಾಸ ಬಂತು. ನೀರಿನಲ್ಲಿ ಏನೇ ಕೆಟ್ಟರೂ ಒಂದೇ ಕ್ರಮದಲ್ಲಿ ಹುಡುಕುತ್ತೇನೆ: ಮೊದಲು ಉಸಿರು, ಆಮೇಲೆ ತಲೆ, ಆಮೇಲೆ ಸೊಂಟ, ಕಾಲು, ಕಟ್ಟಕಡೆಗೆ ಕೈ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಯಾಕೆಂದರೆ ಕೈಕಾಲು ಕಣ್ಣಿಗೆ ಕಾಣುತ್ತವೆ, ಉಸಿರು ಕಾಣುವುದಿಲ್ಲ. ಕೆಳಗೆ ಒಂದೊಂದು ತೊಂದರೆಗೂ ಒಂದು ಪರೀಕ್ಷೆ ಕೊಟ್ಟಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಪರೀಕ್ಷೆಗೆ ಮುಂಚೆ ಮೂರು ಮಾತು. ಎಲ್ಲವನ್ನೂ ಎದೆಮಟ್ಟದ ನೀರಿನಲ್ಲಿ, ಗೋಡೆಯ ಪಕ್ಕದಲ್ಲೇ ಮಾಡಿ. ಈಜು ಬರುವ ಒಬ್ಬರು ನಿಮ್ಮನ್ನೇ ನೋಡುತ್ತಾ ನಿಂತಿರಲಿ. ಫೋನ್ ನೋಡುತ್ತಾ ಕೂತವರು ಲೆಕ್ಕಕ್ಕಿಲ್ಲ. ಫಿಟ್ಸ್, ಹೃದಯದ ತೊಂದರೆ, ತೂತಾದ ಕಿವಿ ತಮಟೆ ಇದ್ದವರು ಡಾಕ್ಟರನ್ನು ಕೇಳಿಕೊಂಡೇ ಇಳಿಯಬೇಕು.

ನೀರಿಗೆ ಇಳಿದ ಕೂಡಲೇ ಉಸಿರು ಕಟ್ಟುತ್ತದೆ

ಇದು ಬರೀ ಹೆದರಿಕೆ ಅಂದುಕೊಂಡು ನಾಚಿಕೆಪಡುವವರು ಜಾಸ್ತಿ. ಆದರೆ ಇದರಲ್ಲಿ ದೇಹದ ಪಾಲೂ ಇದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ತಣ್ಣೀರು ಎದೆಗೆ ತಾಗಿದ ಕೂಡಲೇ ನಾವು ಕೇಳದೆಯೇ ಬಾಯಿ ಒಂದು ದೊಡ್ಡ ಉಸಿರು ಎಳೆದುಬಿಡುತ್ತದೆ, ಆಮೇಲೆ ಏದುಸಿರು ಶುರುವಾಗುತ್ತದೆ. ಅದರ ಜೊತೆಗೆ ಕುತ್ತಿಗೆವರೆಗೆ ನೀರಿದ್ದಾಗ ಸುತ್ತಲಿನ ನೀರು ಎದೆಯನ್ನು ಒತ್ತುತ್ತಿರುತ್ತದೆ. ಉಸಿರೆಳೆಯಲು ದಡದಲ್ಲಿ ಬೇಕಾಗುವುದಕ್ಕಿಂತ ಸ್ವಲ್ಪ ಹೆಚ್ಚೇ ಬಲ ಬೇಕು.

ಪರೀಕ್ಷೆ: ಗೋಡೆ ಹಿಡಿದುಕೊಂಡು ಎದೆಮಟ್ಟದ ನೀರಿನಲ್ಲಿ ಸುಮ್ನೆ ಎರಡು ಮೂರು ನಿಮಿಷ ನಿಲ್ಲಿ. ಏನೂ ಮಾಡಬೇಡಿ. ಉಸಿರು ತಾನಾಗಿ ಇಳಿಯಿತಾ? ಹಾಗಾದರೆ ಅದು ಚಳಿಯ, ಒತ್ತಡದ ಕೆಲಸ. ನಾಳೆಯಿಂದ ಇಳಿಯುವ ಮುಂಚೆ ಕೈ, ಕತ್ತು, ಮುಖಕ್ಕೆ ನೀರು ಹಾಕಿಕೊಂಡು ನಿಧಾನವಾಗಿ ಇಳಿಯಿರಿ, ಸಾಕು. ಕಲಿಯುವವರಿಗೆ 28ರಿಂದ 32 ಡಿಗ್ರಿ ಸೆಲ್ಸಿಯಸ್ ನೀರು ಹಿತ. ಅದಕ್ಕಿಂತ ತಣ್ಣಗಿದ್ದರೆ ಮೈ ಬಿಗಿಯಾಗಿ, ಮುಂದೆ ಹೇಳುವ ಯಾವ ಪರೀಕ್ಷೆಯೂ ಸರಿಯಾಗಿ ಬರುವುದಿಲ್ಲ.

ನಿಂತಷ್ಟೂ ಉಸಿರು ಏರುತ್ತಲೇ ಇದ್ದರೆ ಅದು ಭಯ. ಸೊಂಟಮಟ್ಟಕ್ಕೆ ವಾಪಸ್ ಬನ್ನಿ. ಅಲ್ಲಿ ನಡೆದಾಡಿ, ಗೋಡೆಯಿಂದ ಗೋಡೆಗೆ ಹೋಗಿ ಬನ್ನಿ. ಇದಕ್ಕೆ ಎರಡು ದಿನ ಹೋದರೆ ಹೋಗಲಿ. "ಒಂದು ಸಲ ತಳ್ಳಿಬಿಟ್ಟರೆ ಭಯ ಹೋಗುತ್ತೆ" ಅನ್ನುವವರಿಂದ ದೂರ ಇರಿ. ಹಾಗೆ ತಳ್ಳಿಸಿಕೊಂಡು ಹತ್ತು ವರ್ಷ ನೀರಿನ ಹತ್ತಿರವೂ ಬರದವರನ್ನು ನಾನು ನೋಡಿದ್ದೇನೆ.

ಮುಖ ಮುಳುಗಿಸಿದರೆ ಮೂಗಿಗೆ ನೀರು

ನೀರು ನೆತ್ತಿಗೆ ಹತ್ತಿದಾಗ ಆಗುವ ಉರಿ ಇದೆಯಲ್ಲ, ಒಂದು ಸಲ ಅನುಭವಿಸಿದರೆ ಸಾಕು, ಮತ್ತೆ ಮುಖ ಮುಳುಗಿಸಲು ಮನಸ್ಸೇ ಬರುವುದಿಲ್ಲ. ಕಾರಣ ಸರಳ: ಮೂಗಿನಿಂದ ಗಾಳಿ ಹೊರಗೆ ಬರುತ್ತಿಲ್ಲ. ಹೊರಗೆ ಬರುತ್ತಿರುವ ಗಾಳಿಯೇ ನೀರಿಗೆ ತಡೆ.

ದಡದಲ್ಲೇ ಪರೀಕ್ಷೆ ಮಾಡಬಹುದು. ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಗುನುಗಿ. ಮೂಗಿನ ಕೆಳಗೆ ಬೆರಳಿಟ್ಟರೆ ಗಾಳಿ ತಾಗುತ್ತದೆ. ಇದನ್ನೇ ನೀರಿನೊಳಗೆ ಮಾಡಿ. ಗುನುಗುವುದನ್ನು ಮುಖ ಮುಳುಗಿಸುವ ಮುಂಚೆಯೇ ಶುರು ಮಾಡಬೇಕು, ಮುಖ ಮೇಲೆ ಬಂದ ಮೇಲೆ ನಿಲ್ಲಿಸಬೇಕು. ಬಹಳ ಜನ ತಪ್ಪುವುದು ಈ ಎರಡು ತುದಿಗಳಲ್ಲೇ. ನಡುವೆ ಚೆನ್ನಾಗಿ ಗುಳ್ಳೆ ಬಿಡುತ್ತಾರೆ, ಮೇಲೆ ಬರುವ ಅರ್ಧ ಸೆಕೆಂಡ್ ಮುಂಚೆ ನಿಲ್ಲಿಸುತ್ತಾರೆ, ಅಷ್ಟರಲ್ಲಿ ನೀರು ನುಗ್ಗಿರುತ್ತದೆ. ಮೂಗಿಗೆ ಕ್ಲಿಪ್ ಹಾಕಿಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಕ್ಲಿಪ್ ಇಲ್ಲದ ದಿನ ಮತ್ತೆ ಮೊದಲಿಂದ ಶುರು.

ಐದಾರು ಸೆಕೆಂಡಿಗೇ "ಉಸಿರು ಬೇಕು" ಅನಿಸುತ್ತದೆ

ಇಲ್ಲಿ ಗಾಳಿ ಸಾಲದೆ ಹೀಗಾಗುವುದು ಅಂದುಕೊಳ್ಳುತ್ತೇವೆ, ಅಲ್ವಾ? ನಿಜ ಹಾಗಿಲ್ಲ. ಉಸಿರಾಡಲೇಬೇಕು ಅನ್ನುವ ಒತ್ತಾಯ ಬರುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಆಮ್ಲಜನಕ ಇನ್ನೂ ಸಾಕಷ್ಟು ಇರುತ್ತದೆ. ಗಾಳಿ ತುಂಬಿಕೊಂಡು ಬಿಗಿ ಹಿಡಿದು, ಜೊತೆಗೆ ಕೈಕಾಲು ಬಡಿದರೆ ಅದು ಬೇಗ ಏರುತ್ತದೆ. ಎದೆ ತುಂಬಿದ್ದರೂ ಜೀವ ಬಾಯಿಗೆ ಬಂದಂತಾಗುತ್ತದೆ.

ಪರೀಕ್ಷೆ: ಗೋಡೆ ಹಿಡಿದು ಎರಡು ಥರ ಮುಖ ಮುಳುಗಿಸಿ ನೋಡಿ. ಒಂದು ಸಲ ಉಸಿರು ಬಿಗಿ ಹಿಡಿದು, ಇನ್ನೊಂದು ಸಲ ಸಣ್ಣಗೆ, ಒಂದೇ ಸಮನೆ ಗುಳ್ಳೆ ಬಿಡುತ್ತಾ. ಎರಡನೆಯದರಲ್ಲಿ ಮನಸ್ಸು ಸಮಾಧಾನವಾಗಿದ್ದರೆ ನಿಮ್ಮ ದೋಷ ಸಿಕ್ಕಿತು: ನೀವು ಉಸಿರು ಬಿಡುತ್ತಿಲ್ಲ. ಮೇಲೆ ಬಂದಾಗ ಹಳೆಯ ಗಾಳಿ ಖಾಲಿಯಾಗಿರಬೇಕು, ಆಗಲೇ ಹೊಸದಕ್ಕೆ ಜಾಗ. ಬಾಯಿಂದ ಚುಟುಕಾಗಿ ಎಳೆದುಕೊಳ್ಳಿ, ನೀರಿನಲ್ಲಿ ಅದರ ಎರಡು ಮೂರು ಪಟ್ಟು ಹೊತ್ತು ಬಿಡಿ. ಹೀಗೆ ತಾಳ ತಪ್ಪದೆ 10 ಸಲ ಬಂದರೆ ಮುಂದಿನ ಹಂತಕ್ಕೆ ಹೋಗಿ. ಬರದಿದ್ದರೆ ಇಲ್ಲೇ ಇರಿ. ಇದನ್ನು ಅರ್ಧಕ್ಕೆ ಬಿಟ್ಟು ಕೈ ಬೀಸಲು ಹೋದವರೆಲ್ಲ ವಾಪಸ್ ಇಲ್ಲಿಗೇ ಬರುತ್ತಾರೆ. ನಾನೂ ಬಂದೆ.

ಒಂದು ಎಚ್ಚರಿಕೆ. ಜಾಸ್ತಿ ಹೊತ್ತು ಮುಳುಗಿರಬೇಕು ಅಂತ ಮುಂಚೆ ಜೋರು ಜೋರಾಗಿ ಹತ್ತಾರು ಉಸಿರು ಎಳೆದು ಬಿಡುವ ಆಟ ಬೇಡವೇ ಬೇಡ. ಅದರಿಂದ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. "ಉಸಿರು ಬೇಕು" ಅನ್ನುವ ಗಂಟೆ ಬಾರಿಸುವ ಮುಂಚೆಯೇ ನೀರಿನೊಳಗೆ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜುವವರೇ ಹೀಗೆ ಸತ್ತಿದ್ದಾರೆ.

ಕಾಲು ಮುಳುಗುತ್ತದೆ

ಎಲ್ಲರ ದೂರೂ ಇದೇ. ಇದಕ್ಕೆ ಸ್ವಲ್ಪ ಹೊತ್ತು ಕೊಡೋಣ.

ಎದೆಯೊಳಗೆ ಗಾಳಿ ತುಂಬಿದ ಎರಡು ಚೀಲಗಳಿವೆ. ನೀರು ನಮ್ಮನ್ನು ಮೇಲೆತ್ತುವುದು ಮುಖ್ಯವಾಗಿ ಅಲ್ಲಿಂದ. ಮೈಯ ಭಾರದ ನಡುಬಿಂದು ಇರುವುದು ಅದಕ್ಕಿಂತ ಕೆಳಗೆ, ಸೊಂಟದ ಹತ್ತಿರ. ಒಂದು ಕಡೆ ಎತ್ತುತ್ತಿದೆ, ಇನ್ನೊಂದು ಕಡೆ ಇಳಿಯುತ್ತಿದೆ. ತಕ್ಕಡಿ ವಾಲಿದ ಹಾಗೆ ಕಾಲು ಕೆಳಗೆ ಹೋಗುತ್ತದೆ. ಸ್ನಾಯು ಗಟ್ಟಿಯಾಗಿರುವ, ಸಣಕಲು ಮೈಯವರಿಗೆ ಇದು ಇನ್ನೂ ಜಾಸ್ತಿ. ಅಂದರೆ ಕಾಲು ಸ್ವಲ್ಪ ಇಳಿಯುವುದು ಸಹಜ. ಅದನ್ನು ಹೆಚ್ಚು ಮಾಡುತ್ತಿರುವುದು ಏನು ಅಂತಷ್ಟೇ ಹುಡುಕಬೇಕು.

ಮೊದಲ ಪರೀಕ್ಷೆ, ನೀವು ತೇಲುತ್ತೀರಾ ಇಲ್ಲವಾ ಅನ್ನುವುದು. ಉಸಿರು ತುಂಬಿಕೊಂಡು, ಮುಖ ನೀರಿಗಿಟ್ಟು, ಮಂಡಿಗಳನ್ನು ಎದೆಗೆ ಅಪ್ಪಿಕೊಳ್ಳಿ. ಮೊದಲು ಒಂದಿಷ್ಟು ಕೆಳಗೆ ಹೋಗುತ್ತೀರಿ. ಗಾಬರಿ ಬೇಡ, ಕಾಯಿರಿ. ಬೆನ್ನು ಅಣಬೆಯ ಹಾಗೆ ಮೇಲೆ ಏಳುತ್ತದೆ. ಎದೆ ತುಂಬ ಗಾಳಿ ಇದ್ದಾಗ ಹೆಚ್ಚುಕಡಿಮೆ ಎಲ್ಲರ ಮೈಯೂ ನೀರಿಗಿಂತ ಹಗುರ. ಉಸಿರನ್ನೆಲ್ಲ ಬಿಟ್ಟರೆ ಬಹಳ ಜನ ಮುಳುಗುತ್ತಾರೆ. ಬಿಡುತ್ತಾ ಬಿಡುತ್ತಾ ಇಳಿಯುವುದನ್ನೂ ಒಂದು ಸಲ ನೋಡಿಕೊಳ್ಳಿ. "ನಾನು ಕಲ್ಲು, ನಾನು ತೇಲೋದೇ ಇಲ್ಲ" ಅನ್ನುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಎರಡನೆಯದು ತಲೆ. ಗೋಡೆ ಒದ್ದು, ಕೈ ಮುಂದೆ ಚಾಚಿ, ಕಾಲು ಹೊಡೆಯದೆ ಜಾರಿ. ಒಂದು ಸಲ ಎದುರಿನ ಗೋಡೆ ನೋಡುತ್ತಾ, ಇನ್ನೊಂದು ಸಲ ನೇರ ಕೆಳಗಿನ ನೆಲ ನೋಡುತ್ತಾ. ಯಾರಾದರೂ ದಡದಿಂದ ಎಷ್ಟು ದೂರ ಹೋದಿರಿ ಅಂತ ನೋಡಲಿ. ತಲೆಯ ತೂಕ ಸುಮಾರು 5 ಕಿಲೋ. ಅದನ್ನು ನೀರು ಹೊತ್ತುಕೊಂಡಿರುವ ತನಕ ನಿಮಗೆ ಅದರ ಭಾರವಿಲ್ಲ. ಎತ್ತಿದಿರೋ, ಆ ಭಾರವನ್ನು ಮೈಯೇ ಹೊರಬೇಕು, ಸೊಂಟ ಇಳಿಯುತ್ತದೆ. ನೆಲ ನೋಡಿದಾಗ ದೂರ ಜಾಸ್ತಿಯಾದರೆ ದೋಷ ಕಾಲಿನದಲ್ಲ, ಕಣ್ಣಿನದು ಅನ್ನಬೇಕು. ಎಲ್ಲಿ ಹೋಗುತ್ತಿದ್ದೇವೆ ಅಂತ ನೋಡುವ ಆಸೆ ಅಷ್ಟೇ.

ಮೂರನೆಯದು ಕೈ. ಕೈಗಳನ್ನು ಮೈಗೆ ಅಂಟಿಸಿ ಬೋರಲು ತೇಲಿ, ಆಮೇಲೆ ಅದೇ ಥರ ಕೈಗಳನ್ನು ತಲೆಯಾಚೆ ಚಾಚಿ ತೇಲಿ. ಚಾಚಿದಾಗ ಕಾಲು ಸ್ವಲ್ಪ ಮೇಲೆ ಬರುತ್ತದೆ. ಮ್ಯಾಜಿಕ್ ಏನಿಲ್ಲ, ತಕ್ಕಡಿಯ ಆ ಕಡೆಗೆ ಸ್ವಲ್ಪ ತೂಕ ಇಟ್ಟಿರಿ. ಈ ಮೂರೂ ಆದ ಮೇಲೆ ಕಾಲು ಇನ್ನೂ ತೀರಾ ಇಳಿಯುತ್ತಿದ್ದರೆ ಹೊಟ್ಟೆಯನ್ನು ಸ್ವಲ್ಪ ಒಳಗೆಳೆದು, ಪೃಷ್ಠದ ಸ್ನಾಯು ಸಣ್ಣಗೆ ಬಿಗಿ ಮಾಡಿ ನೋಡಿ. ಸೊಂಟದಲ್ಲಿ ಮಡಚಿಕೊಂಡಿದ್ದ ಮೈ ನೆಟ್ಟಗಾಗುತ್ತದೆ. ಕಾಲು ಹೊಡೆಯುವ ಮಾತು ಇದಾದ ಮೇಲೆ.

ತೇಲುತ್ತೇನೆ, ಆದರೆ ವಾಪಸ್ ನಿಲ್ಲಲು ಬರುವುದಿಲ್ಲ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕಲಿಯುವವರ ಅರ್ಧ ಹೆದರಿಕೆ ಇಲ್ಲೇ ಅಡಗಿರುತ್ತದೆ ಅಂತ ನನ್ನ ಅನುಮಾನ. ಲಕ್ಷಣ ಹೀಗಿರುತ್ತದೆ: ಗೋಡೆ ಬಿಡಲು ಒಪ್ಪುವುದಿಲ್ಲ, ಬಿಟ್ಟರೂ ಎರಡೇ ಸೆಕೆಂಡಿಗೆ ಒದ್ದಾಟ. ಎದೆಮಟ್ಟದ ನೀರಿನಲ್ಲೇ ಕಾಲು ನೆಲಕ್ಕೆ ಸಿಗುವುದಿಲ್ಲ. ಮಲಗಿದ ಸ್ಥಿತಿಯಿಂದ ನೇರ ಕಾಲು ಚಾಚಿ ನೆಲ ಹುಡುಕಿದರೆ ಕಾಲು ಹಿಂದಕ್ಕೆ ಜಾರುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ. ಮೆದುಳು ಅದನ್ನು "ಮುಳುಗಿದೆ" ಅಂತಲೇ ಬರೆದಿಟ್ಟುಕೊಳ್ಳುತ್ತದೆ.

ಬೋರಲಾಗಿದ್ದಾಗ ಹೀಗೆ ಎದ್ದು ನಿಲ್ಲಬೇಕು. ಮೊದಲು ಮಂಡಿಗಳನ್ನು ಎದೆಯ ಕಡೆಗೆ ಎಳೆದುಕೊಳ್ಳಿ. ಚಾಚಿದ ಕೈಗಳಿಂದ ನೀರನ್ನು ಕೆಳಕ್ಕೆ, ಸೊಂಟದ ಕಡೆಗೆ ಒತ್ತಿ. ಮೈ ತಾನಾಗಿ ನೆಟ್ಟಗಾಗುತ್ತದೆ. ಆಗ ಕಾಲು ನೆಲಕ್ಕಿಡಿ, ತಲೆ ಕೊನೆಗೆ ಎತ್ತಿ. ತಲೆಯನ್ನೇ ಮೊದಲು ಎತ್ತುವುದು ಎಲ್ಲರ ತಪ್ಪು. ಅಂಗಾತ ಇದ್ದಾಗ ಗಲ್ಲವನ್ನು ಎದೆಗೆ ತನ್ನಿ, ಕುರ್ಚಿಯಲ್ಲಿ ಕೂರುವ ಹಾಗೆ ಮಂಡಿ ಮಡಚಿ, ಕೈಗಳಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ತೋಡಿ, ಆಮೇಲೆ ಕಾಲು ಇಳಿಸಿ.

ಇದನ್ನು ಒಂದೇ ದಿನ 20 ಸಲ ಮಾಡಿ. ಬೇಜಾರಾಗುತ್ತದೆ, ಪರವಾಗಿಲ್ಲ. ನಿಲ್ಲುವುದು ಕೈಗೆ ಬಂದ ದಿನವೇ ಗೋಡೆಯನ್ನು ತಾನಾಗಿ ಬಿಡುತ್ತೀರಿ. ನಾನು ಯಾರಿಗಾದರೂ ಹೇಳಿಕೊಡಬೇಕಾದರೆ ಈಗ ತೇಲುವುದಕ್ಕಿಂತ ಮುಂಚೆ ಇದನ್ನೇ ಹೇಳಿಕೊಡುತ್ತೇನೆ.

ಅಂಗಾತ ತೇಲಲು ಹೋದರೆ ಕುಳಿತ ಹಾಗಾಗುತ್ತದೆ

ತಲೆ ನೋಡಿ. ಕಾಲು ಮೇಲಿದೆಯಾ ಅಂತ ಇಣುಕುತ್ತಿರುತ್ತೀರಿ. ಇಣುಕಿದರೆ ಸೊಂಟ ಮಡಚುತ್ತದೆ, ಕೆಳಗೆ ಹೋಗುತ್ತದೆ. ಕಿವಿ ಎರಡೂ ನೀರಿನಲ್ಲಿರಲಿ, ಕಣ್ಣು ಚಾವಣಿಯನ್ನೋ ಆಕಾಶವನ್ನೋ ನೋಡಲಿ, ಹೊಟ್ಟೆ ಮೇಲೆ ಬರಲಿ. ಕಾಲು ಇಳಿದರೆ ಮಂಡಿ ಸ್ವಲ್ಪ ಮಡಚಿ, ಕೈ ತಲೆಯಾಚೆ ಚಾಚಿ. ಕಾಲು ಸ್ವಲ್ಪ ಇಳಿದಿದ್ದರೂ ಮುಖ ಮೇಲಿದ್ದರೆ ಸಾಕು. ಕಿವಿಗೆ ನೀರು ಹೋದಾಗ ಹೊರಗಿನ ಸದ್ದು ನಿಂತು ತನ್ನ ಉಸಿರೇ ದೊಡ್ಡದಾಗಿ ಕೇಳುತ್ತದೆ. ಕೆಲವರು ಅದಕ್ಕೇ ಬೆಚ್ಚುತ್ತಾರೆ. ಎರಡು ಮೂರು ಸಲಕ್ಕೆ ಅಭ್ಯಾಸವಾಗುತ್ತದೆ.

ಕಾಲು ಹೊಡೆಯುತ್ತೇನೆ, ಇದ್ದಲ್ಲೇ ಇದ್ದೇನೆ

ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುವ ಹಲಗೆ) ಹಿಡಿದು ಬೆವರು ಕಿತ್ತು ಬರುವ ಹಾಗೆ ಹೊಡೆದರೂ ಬೋರ್ಡ್ ಅಲುಗದಿದ್ದರೆ ಎರಡು ಜಾಗ ನೋಡಬೇಕು. ಒಂದು ಮಂಡಿ. ಸೈಕಲ್ ತುಳಿಯುವ ಹಾಗೆ ಮಂಡಿ ಮಡಚುತ್ತಿದ್ದರೆ ತೊಡೆ ನೀರಿಗೆ ಅಡ್ಡ ನಿಂತು ಬ್ರೇಕ್ ಹಾಕುತ್ತದೆ. ಇನ್ನೊಂದು ಪಾದ. ಪಾದ ನೆಲದ ಮೇಲೆ ನಿಂತ ಹಾಗೆ ಕೊಕ್ಕೆಯಾಗಿದ್ದರೆ ಅದು ನೀರನ್ನು ಮುಂದಕ್ಕೆ ತಳ್ಳುತ್ತದೆ. ಆಗ ನಿಜವಾಗಲೂ ಹಿಂದಕ್ಕೆ ಹೋಗುವವರಿದ್ದಾರೆ! ನಗಬೇಡಿ, ಓಟಗಾರರಲ್ಲಿ ಇದು ಸಾಮಾನ್ಯ. ಅವರ ಹರಡು ಬಿಗಿಯಾಗಿರುತ್ತದೆ.

ಪರೀಕ್ಷೆ: ಕೊಳದ ಅಂಚಿನಲ್ಲಿ ಕೂತು ಕಾಲು ನೀರಿಗೆ ಬಿಟ್ಟು ಹೊಡೆಯಿರಿ. ಸಡಿಲವಾದ ಚಪ್ಪಲಿಯನ್ನು ಕಾಲಿಂದ ಒದರುವ ಹಾಗೆ ಪಾದ ಸಡಿಲವಾಗಿರಲಿ, ಚಲನೆ ತೊಡೆಯ ಬುಡದಿಂದ ಬರಲಿ. ಮಂಡಿ ನೀರಿನ ಮೇಲೆ ಪದೇ ಪದೇ ಕಂಡರೆ ತಪ್ಪು. ದೊಡ್ಡ ಸದ್ದು, ದೊಡ್ಡ ಚಿಮ್ಮು ಬೇಕಿಲ್ಲ. ನೀರು ಕುದಿಯುವ ಹಾಗೆ ಕಂಡರೆ ಸರಿ.

ಫ್ರೀಸ್ಟೈಲ್‌ನಲ್ಲಿ ಉಸಿರಿಗೆ ತಿರುಗಿದರೆ ನೀರು ಕುಡಿಯುತ್ತೇನೆ

ಫ್ರೀಸ್ಟೈಲ್ ಅಂದರೆ ಬೋರಲಾಗಿ, ಕೈಗಳನ್ನು ಒಂದಾದ ಮೇಲೊಂದು ಬೀಸುತ್ತಾ, ಪಕ್ಕಕ್ಕೆ ತಿರುಗಿ ಉಸಿರು ತೆಗೆಯುವ ಈಜು. ನೀರು ಕುಡಿಯುವುದಕ್ಕೆ ಮೂರು ಕಾರಣಗಳಲ್ಲಿ ಒಂದು. ತಿರುಗಿದ ಮೇಲೆ ಉಸಿರು ಬಿಡಲು ಶುರು ಮಾಡುತ್ತಿದ್ದರೆ ಎಳೆದುಕೊಳ್ಳಲು ಸಮಯ ಉಳಿಯುವುದಿಲ್ಲ. ಬಿಡುವುದು ನೀರಿನಲ್ಲೇ ಮುಗಿಯಬೇಕು. ಎರಡನೆಯದು, ತಿರುಗಿಸುವ ಬದಲು ತಲೆ ಎತ್ತುತ್ತಿರುತ್ತೀರಿ. ಹೇಗೆ ಗೊತ್ತಾಗುತ್ತದೆ? ಉಸಿರು ತೆಗೆದುಕೊಳ್ಳುವಾಗ ಗಾಗಲ್ಸ್‌ನ ಒಂದು ಗಾಜು ನೀರಿನೊಳಗೇ ಇರಬೇಕು. ಎರಡೂ ಹೊರಗೆ ಬಂದರೆ ಎತ್ತಿದ್ದೀರಿ. ಮೂರನೆಯದು, ಕತ್ತು ಮಾತ್ರ ತಿರುಗುತ್ತದೆ, ಭುಜ ಮತ್ತು ಸೊಂಟ ತಿರುಗುವುದಿಲ್ಲ. ಗೋಡೆ ಹಿಡಿದು ಒಂದು ಕೈ ಮೈಗೆ ಅಂಟಿಸಿ, ಪಕ್ಕಕ್ಕೆ ಹೊರಳಿ ಉಸಿರು ತೆಗೆದು ಮತ್ತೆ ಮುಖ ಇಳಿಸುವುದನ್ನು ಅಭ್ಯಾಸ ಮಾಡಿ.

25 ಮೀಟರ್ ಮುಗಿಯುವಷ್ಟರಲ್ಲಿ ಸುಸ್ತಾಗುವವರು ಸ್ಟ್ಯಾಮಿನಾ ಇಲ್ಲ ಅಂತ ಜಿಮ್‌ಗೆ ಓಡುತ್ತಾರೆ. ದಡದಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆಯಲು ಆಗುತ್ತದೆ ಅಂದರೆ ಸ್ಟ್ಯಾಮಿನಾ ಇದೆ. ಮತ್ತೆ ಉಸಿರಿನ ಭಾಗಕ್ಕೇ ಹೋಗಿ.

ಚಿಲ್ಲರೆ ತೊಂದರೆಗಳು

ಗಾಗಲ್ಸ್‌ನೊಳಗೆ ನೀರು ಬಂದರೆ ಪಟ್ಟಿ ಬಿಗಿ ಮಾಡುವುದು ಮೊದಲ ಉಪಾಯವಲ್ಲ. ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ನೋಡಿ. ಕೆಲವು ಸೆಕೆಂಡ್ ಅಂಟಿಕೊಂಡು ನಿಂತರೆ ಅಳತೆ ಸರಿ ಇದೆ. ಆಗ ಕೂದಲೋ ಕ್ಯಾಪಿನ ಅಂಚೋ ನಡುವೆ ಸಿಕ್ಕಿಕೊಂಡಿದೆಯಾ ನೋಡಿ.

ಕಣ್ಣು ಕೆಂಪಾಗುವುದು, ಕೊಳದ ಆ ಗಾಢ "ಕ್ಲೋರಿನ್ ವಾಸನೆ", ಎರಡಕ್ಕೂ ಹೆಚ್ಚಾಗಿ ಕಾರಣ ಕ್ಲೋರಿನ್ ಬೆವರು ಮತ್ತು ಮೂತ್ರದ ಜೊತೆ ಸೇರಿ ಆಗುವ ವಸ್ತು. ವಾಸನೆ ಜೋರಾಗಿದ್ದರೆ ನೀರು ಸ್ವಚ್ಛ ಅಂತ ಅರ್ಥವಲ್ಲ. ಇಳಿಯುವ ಮುಂಚೆ ಸ್ನಾನ ಮಾಡಿ.

ಕಿವಿಯಲ್ಲಿ ನೀರು ನಿಂತರೆ ತಲೆ ವಾಲಿಸಿ ಇಳಿಸಿ, ಕಡ್ಡಿ ಹಾಕಬೇಡಿ. ಕಿವಿಯ ಹಾಲೆ ಎಳೆದಾಗ ನೋವಾದರೆ ಸೋಂಕಾಗಿರಬಹುದು, ಡಾಕ್ಟರಿಗೆ ತೋರಿಸಿ. ಮೀನಖಂಡ ಹಿಡಿದುಕೊಂಡರೆ ಗೋಡೆ ಹಿಡಿದು ಅಥವಾ ಅಂಗಾತ ತೇಲಿ, ಮಂಡಿ ನೆಟ್ಟಗೆ ಮಾಡಿ, ಕಾಲ್ಬೆರಳನ್ನು ಮೈ ಕಡೆಗೆ ಎಳೆದುಕೊಳ್ಳಿ. ನೀರು ನೆತ್ತಿಗೆ ಹತ್ತಿ ಕೆಮ್ಮಿದ್ದು ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ಕೆಮ್ಮು ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಕಡಿಮೆ ನೀರಿನಲ್ಲಿ ಎಲ್ಲ ಸರಿ, ಆಳದಲ್ಲಿ ಎಲ್ಲ ಮರೆತುಹೋಗುತ್ತದೆ

ನೀರು ಎತ್ತುವ ಬಲ ಆಳ ನೋಡಿ ಬದಲಾಗುವುದಿಲ್ಲ. 4 ಅಡಿಯಲ್ಲಿ ತೇಲಿದ ಮೈ 10 ಅಡಿಯಲ್ಲೂ ತೇಲುತ್ತದೆ. ಹಾಗಾದರೆ ಏನು ಕೆಟ್ಟಿತು? ಹೆಚ್ಚಿನ ಸಲ, ಕಡಿಮೆ ನೀರಿನಲ್ಲಿ ನಿಮಗೇ ಗೊತ್ತಿಲ್ಲದೆ ಆಗಾಗ ಕಾಲು ನೆಲಕ್ಕೆ ತಾಗಿಸುತ್ತಿರುತ್ತೀರಿ. ಪರೀಕ್ಷೆ: ಎದೆಮಟ್ಟದಲ್ಲೇ 1 ನಿಮಿಷ ನೆಲ ಮುಟ್ಟದೆ, ಅಂಗಾತವಾಗಲಿ ನೆಟ್ಟಗಾಗಲಿ ತೇಲಿ. ನೋಡುತ್ತಿರುವವರು ಎಷ್ಟು ಸಲ ಮುಟ್ಟಿದಿರಿ ಅಂತ ಎಣಿಸಲಿ. ಸೊನ್ನೆ ಬರುವ ತನಕ ಆಳಕ್ಕೆ ಹೋಗುವುದು ಬೇಡ. ಸೊನ್ನೆ ಬಂದ ಮೇಲೆ ಆಳದ ಕಡೆ, ಗೋಡೆಗೆ ಒಂದು ಕೈಯಳತೆ ದೂರದಲ್ಲಿ ಇದನ್ನೇ ಮಾಡಿ. ಕೈಗೆ ಕಟ್ಟುವ ಗಾಳಿ ಪಟ್ಟಿ, ಟ್ಯೂಬ್ ಹಾಕಿಕೊಂಡು ಅಭ್ಯಾಸ ಮಾಡಿದವರು ಇಲ್ಲಿ ಹೆಚ್ಚು ಎಡವುತ್ತಾರೆ. ಅವು ಮೈಯನ್ನು ನೆಟ್ಟಗೆ ನಿಲ್ಲಿಸಿ ರೂಢಿ ಮಾಡಿಸಿರುತ್ತವೆ, ಮಲಗುವುದು ಬಂದಿರುವುದಿಲ್ಲ.

ಅಮೆರಿಕನ್ ರೆಡ್ ಕ್ರಾಸ್‌ನವರ ಒಂದು ಅಳತೆ ಇದೆ, ನನಗೆ ಇಷ್ಟವಾದದ್ದು. ತಲೆ ಮುಳುಗುವ ನೀರಿಗೆ ಇಳಿಯುವುದು ಅಥವಾ ಹಾರುವುದು, ಮೇಲೆ ಬಂದು 1 ನಿಮಿಷ ತೇಲುವುದು, ಪೂರ್ತಿ ಒಂದು ಸುತ್ತು ತಿರುಗಿ ಹೊರಹೋಗುವ ದಾರಿ ನೋಡುವುದು, 25 ಗಜ, ಅಂದರೆ ಸುಮಾರು 23 ಮೀಟರ್ ಈಜುವುದು, ಏಣಿ ಇಲ್ಲದೆ ಹತ್ತುವುದು. ನಾನು ಮೊದಲ ನಾಲ್ಕನ್ನು ಮುಗಿಸಿ, ಕೊನೆಯದರಲ್ಲಿ ಅಂಚು ಹಿಡಿದುಕೊಂಡು ಮೂರು ಸಲ ವಾಪಸ್ ಬಿದ್ದೆ. ತೋಳಿನ ಬಲದಲ್ಲೇ ಮೇಲೇಳಲು ನೋಡುತ್ತಿದ್ದೆ. ಎರಡೂ ಅಂಗೈ ಅಂಚಿನ ಮೇಲಿಟ್ಟು, ಒಂದೆರಡು ಸಲ ನೀರಿನಲ್ಲಿ ಮೇಲೆ ಕೆಳಗೆ ಪುಟಿದು, ಕಾಲು ಜೋರಾಗಿ ಹೊಡೆದ ಕ್ಷಣದಲ್ಲೇ ಅಂಗೈ ಒತ್ತಬೇಕು. ಹೊಟ್ಟೆ ಅಂಚಿನ ಮೇಲೆ ಬಂದ ಕೂಡಲೇ ಮುಂದಕ್ಕೆ ಬಾಗಿ ಒಂದು ಮಂಡಿ ಮೇಲಿಡಿ.